ಮೂರು ತಾಲೂಕಿನ ಲೈಟ್ ಕಾಕ

ಜೂನ್ ಹದಿನೈದು, ಭಾನುವಾರ. ಬೆಳಿಗ್ಗೆ ಆರು ಐವತ್ತಕ್ಕೆ ಬರೆಯಲು ಕುಳಿತಿದ್ದೇನೆ. ಸದ್ಯಕ್ಕೆ ಕರೆಂಟ್ ಇದೆ. ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕಾರಣ ಮುಖ್ಯ ವಿಷಯವನ್ನು ಮೊದಲೇ ಬರೆದುಬಿಡುತ್ತೇನೆ.

ಪುತ್ತೂರಿನಲ್ಲಿ ವಿಡಿಯೋ ಶೂಟಿಂಗಿಗೆ ಲೈಟು, ಟ್ರಾಲಿ ಬಾಡಿಗೆಗೆ ಕೊಡುತ್ತಿದ್ದ ಒಬ್ಬರು ಎರಡು ತಿಂಗಳ ಹಿಂದೆ ತೀರಿಕೊಂಡರು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಅವರನ್ನು ಲೈಟ್ ಕಾಕ ಎಂದೇ ಕರೆಯುತ್ತಿದ್ದರು. ಕಳೆದ ಭಾನುವಾರ ಅವರ ಮಗಳು ಎಂಟು ತಿಂಗಳ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ನನ್ನ ಎಡಿಟಿಂಗ್ ಕೋಣೆಗೆ ಬಂದಳು.

"ನಿನ್ನ ಹತ್ರ ಉಪ್ಪನ ವಿಡಿಯೋ ಉಂಟಾ?" ಎಂದು ತಂದೆಯ ವಿಡಿಯೋ ಕೇಳಿದಳು. "ಫೋಟೋ ಬೇಡ. ನಡೀಬೇಕು, ಮಾತಾಡ್ಬೇಕು, ಮುಖ ಕಾಣ್ಬೇಕು. ಇವನಿಗೆ ದೊಡ್ಡವನಾದ ಮೇಲೆ ತೋರಿಸ್ಲಿಕ್ಕೆ."

"ಅದಕ್ಕೆಂತ, ಬೇಕಾದಷ್ಟು ಇರ್ತದೆ. ಹುಡುಕಿ ಕೊಡ್ತೇನೆ" ಎಂದೆ. ನಾಲ್ಕು ವರ್ಷ ಅವರು ಕೊಟ್ಟ ಬೆಳಕಿನಲ್ಲಿ ಕ್ಯಾಮೆರಾ ಹಿಡಿದವಳು ನಾನು. ಪ್ರತಿ ಹಾರ್ಡ್ ಡಿಸ್ಕಿಗೂ ದಿನಾಂಕ, ಸಭಾಭವನದ ಹೆಸರು ಬರೆದು ಚೀಟಿ ಅಂಟಿಸಿದ್ದೇನೆ. ಒಂದು ವಾರ ಕುಳಿತು ಹುಡುಕಿದೆ. ಸಿಕ್ಕಿದ್ದು ಇಷ್ಟು: ಮೊಣಕೈ ಹನ್ನೊಂದು ಸಲ, ಬೆನ್ನು ನಾಲ್ಕು ಸಲ, "ಆ ಫ್ಯಾನ್ ಬಂದ್ ಮಾಡಿ ಮಾರಾಯ್ರೆ" ಎನ್ನುವ ಸ್ವರ ಇಪ್ಪತ್ತಕ್ಕೂ ಹೆಚ್ಚು ಸಲ. ಗೋಡೆಯ ಮೇಲೆ ಬಿದ್ದ ನೆರಳನ್ನು ಎಣಿಸಲಿಲ್ಲ. ಮುಖ ಒಂದು ಸಲವೂ ಇಲ್ಲ.

ಮೂರು ತಾಲೂಕಿನ ಅರ್ಧಕ್ಕರ್ಧ ಮದುವೆಗಳಿಗೆ ಬೆಳಕು ಕೊಟ್ಟ ಮನುಷ್ಯ ಬೆಳಕಿನಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿಲ್ಲ. ಹುಡುಕಾಟ ಇನ್ನೂ ಮುಗಿದಿಲ್ಲ, ಅದಕ್ಕಾಗಿಯೇ ಈ ಬರಹ. ಹುಡುಕುವುದಕ್ಕೆ ಓದುವವರ ಸಹಾಯ ಬೇಕು. ಯಾರನ್ನು ಹುಡುಕಬೇಕೆಂದು ಅವರಿಗೆ ಗೊತ್ತಾಗಲೂಬೇಕು.

ಹೆಸರು ಬರೆದರೆ ಪ್ರಯೋಜನವಿಲ್ಲ. ಆ ಹೆಸರಿನವರು ಪುತ್ತೂರು ಒಂದರಲ್ಲೇ ಒಂದು ಬಸ್ ತುಂಬುವಷ್ಟಿದ್ದಾರೆ. ಅದರ ಬದಲು ಮನುಷ್ಯನನ್ನು ಹೇಳುತ್ತೇನೆ. ಗಿಡ್ಡ, ಸಣಕಲು ದೇಹ. ಕತ್ತರಿಸಿ ಸಮ ಮಾಡಿದ ಬಿಳಿ ಗಡ್ಡ. ಬಿಳಿ ಮುಂಡು, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು ಇರಬೇಕಾದಲ್ಲಿ ಟೆಸ್ಟರ್, ಹೆಗಲಿಗೆ ಒಂದು ಟವೆಲ್. ಮಾತಾಡುವಾಗ ನಮ್ಮ ಕಣ್ಣು ನೋಡುತ್ತಿರಲಿಲ್ಲ, ಮೂಗಿನ ನೆರಳು ಎಲ್ಲಿ ಬಿದ್ದಿದೆ ಎಂದು ನೋಡುತ್ತಿದ್ದರು. ನೆರಳು ಸರಿಯಿಲ್ಲದಿದ್ದರೆ ಮಾತು ನಿಲ್ಲಿಸದೆಯೇ ನಮ್ಮ ಹೆಗಲು ಹಿಡಿದು ಸ್ವಲ್ಪ ತಿರುಗಿಸುತ್ತಿದ್ದರು. ಒಮ್ಮೆ ಹಲ್ಲು ಕೀಳಿಸಲು ಹೋಗಿ ಡಾಕ್ಟರರ ದೀಪವನ್ನೇ ತಿರುಗಿಸಿ ಬೈಸಿಕೊಂಡಿದ್ದರು. "ಅವ್ರು ನನ್ನ ಬಾಯಿಗೆ ಬಿಟ್ಟು ಅವ್ರ ಕೈಗೆ ಲೈಟ್ ಹಾಕಿದ್ರು. ಹೇಳಿದ್ದು ತಪ್ಪಾ?" ಎಂದು ಅದನ್ನು ನನಗೆ ನ್ಯಾಯಕ್ಕೆ ತಂದಿದ್ದರು. ನಾನು ಡಾಕ್ಟರರ ಪರ ನಿಂತೆ.

ನರಿಮೊಗರಿಗೆ ಹೋಗುವ ದಾರಿಯಲ್ಲಿ ಹಿಂದೆ ಅಡಿಕೆ ಮೂಟೆ ಇಡುತ್ತಿದ್ದ ಒಂದು ಗೋದಾಮು ಅವರ ಅಂಗಡಿ. ಬೋರ್ಡಿಲ್ಲ. ಒಳಗೆ ಲೈಟಿನ ಸ್ಟ್ಯಾಂಡುಗಳು ಮದುವೆ ಮನೆಯ ಕೊಡೆಗಳ ಹಾಗೆ ಗೋಡೆಗೆ ಒರಗಿರುತ್ತಿದ್ದವು. ನಡುವೆ ಟ್ರಾಲಿ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ನೆಲಕ್ಕೆ ಜೋಡಿಸುವ ಎರಡು ಕಬ್ಬಿಣದ ಹಳಿ, ಅದರ ಮೇಲೆ ಚಕ್ರದ ಒಂದು ಮಣೆ. ಆ ಮಣೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಒಬ್ಬರು ಕೂರುತ್ತಾರೆ, ಇನ್ನೊಬ್ಬರು ಹಿಂದಿನಿಂದ ತಳ್ಳುತ್ತಾರೆ. ಆಗ ಚಿತ್ರ ನೀರಿನ ಮೇಲೆ ತೇಲಿದ ಹಾಗೆ ಸರಾಗ ಹೋಗುತ್ತದೆ. ಕಾಕ ಗಲ್ಫಿನಲ್ಲಿ ಇಂಥ ಸಾಮಾನು ಬಾಡಿಗೆಗೆ ಕೊಡುವ ಕಂಪನಿಯೊಂದರಲ್ಲಿ ಹೊರುವ ಕೆಲಸಕ್ಕಿದ್ದು, ವಾಪಸು ಬಂದ ಮೇಲೆ ಕೊಚ್ಚಿಯಲ್ಲಿ ಮುಚ್ಚುತ್ತಿದ್ದ ಸ್ಟುಡಿಯೋದಿಂದ ಈ ಹಳೆಯ ಟ್ರಾಲಿ ಕೊಂಡಿದ್ದರು. ಬೇರೆ ಗಾಡಿ ಸಿಗದೆ ಮೀನಿನ ಲಾರಿಯಲ್ಲಿ ಹಾಕಿಸಿಕೊಂಡು ಬಂದರಂತೆ. ಮೊದಲಿನ ಕೆಲವು ಮದುವೆಗಳಲ್ಲಿ ಟ್ರಾಲಿಯ ಹಿಂದೆ ಬೆಕ್ಕುಗಳೂ ನಡೆದವಂತೆ. ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಡಿಗ್ರಿಯ ಕೊನೆಯ ವರ್ಷ. ನಾವು ನಾಲ್ವರು ಸೇರಿ ಆರು ನಿಮಿಷದ ಒಂದು ಕಿರುಚಿತ್ರ ಮಾಡುವವರಿದ್ದೆವು.

"ಎಂತ ಬೇಕು?" ಎಂದರು.

"ಎರಡು ಲೈಟು, ಒಂದು ಟ್ರಾಲಿ."

"ಟ್ರಾಲಿ ಎಂತಕ್ಕೆ?"

"ಹುಡುಗ ನಡೀತಾನೆ ಕಾಕ. ಕ್ಯಾಮೆರಾ ಅವನ ಜೊತೆ ಹೋಗ್ಬೇಕು."

"ಎಲ್ಲಿಗೆ ಹೋಗುದು ಅವ?"

"ಬಸ್‌ಸ್ಟ್ಯಾಂಡಿಗೆ."

"ಅಲ್ಲಿ ಎಂತ ಆಗ್ತದೆ?"

"ಬಸ್ ತಪ್ತದೆ."

"ಬಸ್ ತಪ್ಪುದಾದ್ರೆ ಕ್ಯಾಮೆರಾ ಯಾಕೆ ಅಷ್ಟು ದೂರ ಹೋಗುದು? ಅದು ಮನೆಯಲ್ಲೇ ಇರ್ಲಿ. ಅವ ಹೋಗ್ಲಿ, ಸಪ್ಪೆ ಮುಖ ಮಾಡಿ ವಾಪಸು ಬರ್ಲಿ. ನಿಮಗೆ ಟ್ರಾಲಿ ಬೇಡ. ಸ್ಟ್ಯಾಂಡ್ ತಕೊಂಡು ಹೋಗಿ."

ಬಾಡಿಗೆಗೆ ಕೊಡಲೆಂದೇ ಅಂಗಡಿ ಇಟ್ಟವರು ಬಂದ ಗಿರಾಕಿಗೆ ಬೇಡ ಬೇಡ ಎನ್ನುವುದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಹೊಸ ಮನೆಯ ಒಕ್ಕಲಿಗೆ ಹನ್ನೆರಡು ಲೈಟು ಕೇಳಲು ಬಂದವರಿಗೆ ಎರಡು ಲೈಟು, ಒಂದು ಬಿಳಿ ಮುಂಡು ಕೊಟ್ಟು ಕಳಿಸಿದ್ದರು. ಮುಂಡನ್ನು ಲೈಟಿನ ಮುಂದೆ ಹಿಡಿದರೆ ಬೆಳಕು ಮೆತ್ತಗಾಗುತ್ತದೆ ಎಂಬುದು ಅವರ ವಾದ. ವಾದ ಸರಿಯೇ, ಆದರೆ ಹಳೆಯ ಲೈಟುಗಳು ಒಲೆಯ ಹಾಗೆ ಕಾದು ಮುಂಡನ್ನು ಸುಟ್ಟು ತೂತು ಮಾಡುತ್ತಿದ್ದವು. "ಇವರ ಒಂದು ಮುಂಡಿನಲ್ಲೂ ಓಟೆ ಇಲ್ಲದ ಜಾಗ ಇಲ್ಲ. ಒಣಗಿಸ್ಲಿಕ್ಕೆ ಹಾಕಿದ್ರೆ ದೋಸೆ ಹಾಗೆ ಕಾಣ್ತದೆ" ಎಂದು ಅವರ ಹೆಂಡತಿ ಹೇಳುತ್ತಿದ್ದರು. ಅವರನ್ನು ನಾನು ಮಾಮಿ ಎನ್ನುತ್ತೇನೆ.

ಟ್ರಾಲಿಯನ್ನಂತೂ ಕಾಕ ಒಬ್ಬಂಟಿಯಾಗಿ ಎಲ್ಲಿಗೂ ಕಳಿಸುತ್ತಿರಲಿಲ್ಲ. ಹೆಣ್ಣುಮಗಳನ್ನು ನೆಂಟರ ಮನೆಗೆ ಕಳಿಸುವವರ ಹಾಗೆ ತಾವೇ ಜೊತೆಗೆ ಬರುತ್ತಿದ್ದರು. ನಮ್ಮ ಕಡೆ ಸಮತಟ್ಟಾದ ಅಂಗಳ ಸಿಗುವುದೇ ಕಷ್ಟ. ಹಳಿಯ ಕೆಳಗೆ ಅಲ್ಲಲ್ಲಿ ಮರದ ಚಕ್ಕೆ ಕೊಟ್ಟು ಮಟ್ಟ ಮಾಡಬೇಕು. ಮಾಡಿದ ಮೇಲೆ ಅವರು ಅಂಚಿನವರೆಗೆ ತುಂಬಿದ ಒಂದು ಗ್ಲಾಸ್ ಚಹಾವನ್ನು ಟ್ರಾಲಿಯ ಮೇಲಿಟ್ಟು ಆ ತುದಿಯಿಂದ ಈ ತುದಿಗೆ ತಳ್ಳುತ್ತಿದ್ದರು. ಒಂದು ಹನಿ ಚೆಲ್ಲಿದರೂ ಎಲ್ಲ ಚಕ್ಕೆ ತೆಗೆದು ಮೊದಲಿನಿಂದ. ಇದು ಪರೀಕ್ಷೆಯೆಂದು ಗೊತ್ತಿಲ್ಲದ ಮದುವೆ ಮನೆಯ ಹೆಂಗಸರು "ಪಾಪ, ಚಹಾ ಕುಡೀಲಿಕ್ಕೂ ಪುರುಸೊತ್ತಿಲ್ಲ ಇವರಿಗೆ, ತಣ್ಣಗಾಯ್ತು" ಎಂದು ಬಿಸಿ ಚಹಾ ತಂದು ಬದಲಾಯಿಸುತ್ತಿದ್ದರು. ಕಾಕ ಬೇಡ ಎನ್ನುತ್ತಿರಲಿಲ್ಲ. ಒಂದು ಮದುವೆಯಲ್ಲಿ ಅವರು ಹೀಗೆ ಏಳು ಗ್ಲಾಸ್ ಕುಡಿದದ್ದನ್ನು ನಾನು ಬರೆದಿಟ್ಟಿದ್ದೇನೆ. ಹಳಿ ಅಷ್ಟೇನೂ ಸೊಟ್ಟ ಇರಲಿಲ್ಲ ಎಂಬುದನ್ನೂ ಬರೆದಿಟ್ಟಿದ್ದೇನೆ.

ಅವರಿಗೆ ಎಲ್ಲವೂ ಗೊತ್ತಿತ್ತು ಎಂದು ಯಾರೂ ತಿಳಿಯಬಾರದು. ಕರೆಂಟಿನ ವಿಷಯದಲ್ಲಿ ಅವರ ಧೈರ್ಯ ಜಾಸ್ತಿ, ಅಂದಾಜು ಕಡಿಮೆ. ಸುಳ್ಯದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆಗೆ ನಾನೇ ಅವರನ್ನು ಕರೆಸಿದ್ದೆ. "ಈ ಲೈನ್ ತಡೀತದೆ, ನಾನು ಉಂಟಲ್ಲ" ಎಂದು ಹೇಳಿ ತಮ್ಮ ಗೋದಾಮಿನಲ್ಲಿದ್ದುದರಲ್ಲೇ ಅತಿ ದೊಡ್ಡದಾದ ಹಳೆಯ ಲೈಟಿನ ಸ್ವಿಚ್ ಒತ್ತಿದರು. ಸಭಾಭವನದ ಫ್ಯಾನು, ಮೈಕು, ಅಡುಗೆ ಕೋಣೆಯ ಗ್ರೈಂಡರು ಎಲ್ಲ ಒಟ್ಟಿಗೆ ನಿಂತವು. ಶೋಭಾನೆ ಹಾಡುತ್ತಿದ್ದ ಅಜ್ಜಿಯರು ಮಾತ್ರ ಮೈಕ್ ಹೋದದ್ದನ್ನು ಗಮನಿಸದೆ ಹಾಡುತ್ತಲೇ ಇದ್ದರು. ನನ್ನ ಚಿಕ್ಕಪ್ಪ ಕಾಕನನ್ನು ಹುಡುಕಿಕೊಂಡು ಹೋದರೆ ಅವರು ಅಜ್ಜಿಯರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಕೇಳಿ, ಮೈಕ್ ಇಲ್ಲದೆ ಎಷ್ಟು ಚಂದ ಕೇಳ್ತದೆ" ಎಂದರು. ಬೈಯಲು ಬಂದ ಚಿಕ್ಕಪ್ಪ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡರು.

ಜಿಂಬಲ್ ಬಂದ ಮೇಲೆ, ಅಂದರೆ ಕೈಯಲ್ಲಿ ಹಿಡಿದು ನಡೆದರೂ ಕ್ಯಾಮೆರಾ ಅಲುಗಾಡದ ಹಾಗೆ ಮಾಡುವ ಆ ಕೋಲು ಬಂದ ಮೇಲೆ, ಟ್ರಾಲಿ ಕೇಳುವವರು ಕಡಿಮೆಯಾದರು. ಕಾಕ ಅದನ್ನು ಕುಡಿದವನ ನಡಿಗೆ ಎನ್ನುತ್ತಿದ್ದರು. ನಾನು ಅವರಿಗೆ ಹೇಳದೆ ಒಂದು ಪೂರ್ತಿ ಮದುವೆ ಜಿಂಬಲ್‌ನಲ್ಲಿ ತೆಗೆದು ತೋರಿಸಿದೆ. ನೋಡಿ, "ಹಳಿ ಯಾರು ಹಾಕಿದ್ದು? ಮಟ್ಟ ಲಾಯ್ಕ ಬಂದಿದೆ" ಎಂದರು. ಹಳಿ ಇಲ್ಲ ಎಂದೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆದರೂ ಟ್ರಾಲಿಗೆ ಒಂದು ಜಾಗ ಉಳಿದಿತ್ತು. ಅಲ್ಲಿಗೆ ನನ್ನನ್ನು ಕರೆದದ್ದೂ ಅವರೇ. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮದುವೆಗಳಲ್ಲಿ ಮದುಮಗಳು ಕೂರುವ ಹೆಂಗಸರ ಕಡೆ ಬೇರೆ, ನಡುವೆ ಪರದೆ. ಅಲ್ಲಿಗೆ ಹೊರಗಿನ ಗಂಡಸರಿಗೆ ಪ್ರವೇಶವಿಲ್ಲ. ಕ್ಯಾಮೆರಾ ಹಿಡಿಯುವವಳೂ ಹೆಣ್ಣೇ ಆಗಬೇಕು.

"ನೀನು ಹುಡುಗಿ, ಕ್ಯಾಮೆರಾ ಹಿಡೀಲಿಕ್ಕೆ ಬರ್ತದೆ. ನಮ್ಮಲ್ಲಿ ಮದುವೆಗೆ ನಿನ್ನ ಹಾಗಿನವರು ಸಿಗುದಿಲ್ಲ" ಎಂದರು ಒಂದು ದಿನ, ತಮ್ಮ ಮನೆಯ ಜಗಲಿಯಲ್ಲಿ.

"ಲೈಟು?"

"ಹೆಂಗಸ್ರು ಬರುವ ಮೊದಲು ನಾನು ಒಳಗೆ ಹೋಗಿ ಇಟ್ಟು ಬರುದು. ಮತ್ತೆ ಹೊರಗೆ."

"ಟ್ರಾಲಿ ತಳ್ಳುದು ಯಾರು?"

ಕಾಕ ಮನೆಯ ಒಳಗಿನ ಕಡೆ ನೋಡಿದರು. ಮಾಮಿ ಬಾಗಿಲಿಗೆ ಬಂದು, "ನನ್ನನ್ನು ಎಂತಕ್ಕೆ ನೋಡುದು? ಆ ಗಾಡಿ ಮನೆಗೆ ಬಂದ ದಿನದಿಂದ ನನಗೆ ಅದನ್ನು ಕಂಡ್ರೆ ಆಗುದಿಲ್ಲ" ಎಂದರು. ಮುಂದಿನ ವಾರ ತಳ್ಳಿದ್ದು ಅವರೇ. ನಾನು ಕಂಡವರಲ್ಲಿ ಮಾಮಿಯಷ್ಟು ನಯವಾಗಿ ಟ್ರಾಲಿ ತಳ್ಳುವವರು ಇನ್ನೊಬ್ಬರಿಲ್ಲ. ತೊಟ್ಟಿಲು ತೂಗಿದ ಕೈ ಎಂದು ನಾನು ಹೊಗಳಿದಾಗ "ತೊಟ್ಟಿಲು ಎಂತದ್ದು, ಬಿರಿಯಾನಿ ಹಂಡೆ ಜರುಗಿಸಿ ಅಭ್ಯಾಸ" ಎಂದರು.

ಮನೆಯಲ್ಲಿ ನಾನು ಈ ಕೆಲಸದ ವಿಷಯ ಹೇಳಿದಾಗ ಅವ್ವ ನಮ್ಮ ಅರೆಭಾಷೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದು: "ನಿಂಗೆ ಅಲ್ಲಿ ಊಟ ಉಟ್ಟಾ?" ಉಂಟು ಎಂದೆ. ಅಷ್ಟಕ್ಕೆ ಒಪ್ಪಿಗೆಯಾಯಿತು.

ಇನ್ನು ಕಾಕ ಬೆಳಕು ಇಡುತ್ತಿದ್ದ ಕ್ರಮ. ಮದುಮಗಳು ಬಂದ ಮೇಲೆ ಅವರು ಒಳಗಿರುವಂತಿಲ್ಲ. ಖಾಲಿ ಕುರ್ಚಿಗೆ ಬೆಳಕಿಟ್ಟರೆ ಮುಖಕ್ಕೆ ಹೇಗೆ ಬೀಳುತ್ತದೆಂದು ಗೊತ್ತಾಗುವುದಿಲ್ಲ. ಮಾಮಿಯನ್ನೋ ನನ್ನನ್ನೋ ಕೂರಿಸಬಹುದಿತ್ತು, ಆದರೆ ನಾವಿಬ್ಬರೂ ಸರಿಯಾಗಿ ಕೂರುವುದಿಲ್ಲ ಎಂದು ಅವರ ದೂರು. ಆದ್ದರಿಂದ ತಾವೇ ಹೋಗಿ ಆ ಹೂವು, ಮಖಮಲ್ಲಿನ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತು, ಹೆಗಲ ಟವೆಲನ್ನು ತಲೆಗೆ ಸೆರಗಿನ ಹಾಗೆ ಹೊದ್ದು, ಕೈ ಮಡಚಿ, ತಲೆ ತಗ್ಗಿಸುತ್ತಿದ್ದರು.

"ಮದುಮಗಳು ಹೀಗೆ ಕೆಳಗೆ ನೋಡ್ತಾಳೆ. ಆಗ ಕಣ್ಣಿನ ಕೆಳಗೆ ಕಪ್ಪು ಬೀಳ್ತದಾ ನೋಡು."

"ಬೀಳ್ತದೆ ಕಾಕ."

"ಆ ಸಣ್ಣ ಲೈಟ್ ಕೆಳಗೆ ಮಾಡು. ಇನ್ನೂ. ಈಗ ನಾನು ನಾಚಿಕೊಂಡು ಗೆಳತಿಯ ಕಡೆ ನೋಡುದು. ಸರಿ ಉಂಟಾ?"

"ಉಂಟು. ನಾಚಿಕೆ ಸ್ವಲ್ಪ ಜಾಸ್ತಿ ಆಯ್ತು."

ಮಾಮಿ ಟ್ರಾಲಿಯ ಹಿಂದೆ ಬಗ್ಗಿ ನಗುತ್ತಿದ್ದರು. "ನನ್ನ ಮದುವೆಗೆ ನಾನು ಇಷ್ಟು ನಾಚ್ಲಿಲ್ಲ" ಎನ್ನುತ್ತಿದ್ದರು.

ಕಾಣಿಯೂರಿನ ಒಂದು ಮದುವೆಯಲ್ಲಿ ಮದುಮಗಳ ಅಜ್ಜಿ ಎಲ್ಲರಿಗಿಂತ ಮೊದಲೇ ಬಂದುಬಿಟ್ಟರು. ಒಳಗೆ ನೋಡಿದರೆ ಕುರ್ಚಿಯಲ್ಲಿ ಟವೆಲ್ ಹೊದ್ದು ತಲೆ ತಗ್ಗಿಸಿದ ಕಾಕ. ಕಾಕ ಎದ್ದು ಓಡಲು ನೋಡಿದರು, ಆದರೆ ಕಾಲಿಗೆ ಹೂವಿನ ಮಾಲೆ ಸಿಕ್ಕಿಕೊಂಡಿತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿ, "ಹುಡುಗಿ ತೊಂದರೆ ಇಲ್ಲ. ಗಡ್ಡ ಮೊದಲೇ ಹೇಳ್ಬೇಕಿತ್ತು" ಎಂದರು. ಆ ಮೇಲೆ ಮೂರು ತಿಂಗಳು ಮಾಮಿ ಮನೆಯಲ್ಲಿ ಗಂಡನನ್ನು ಮದುಮಗಳೇ ಎಂದು ಕರೆದರು.

ಹೆಂಗಸರೆಲ್ಲ ಬಂದ ಮೇಲೆ ಕಾಕ ಪರದೆಯ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ಒಂದು ಸ್ಟೂಲಿನಲ್ಲಿ ಕೂರುತ್ತಿದ್ದರು. ಒಳಗಿನ ಟ್ರಾಲಿಯ ಚಕ್ರದ ಸದ್ದು ಕೇಳಿಯೇ "ಮೂರನೇ ಜೋಡಣೆಯಲ್ಲಿ ಕಟಕ್ ಅಂತದೆ, ಚಕ್ಕೆ ಜಾರಿದೆ" ಎಂದು ಹೊರಗಿನಿಂದ ಹೇಳುತ್ತಿದ್ದರು. ಮಾಮಿ ಒಳಗಿನಿಂದ "ಅದು ಮಕ್ಕಳು ಚಾಕಲೇಟ್ ಹಾಕಿದ್ದು. ನೀವು ಸುಮ್ಮನೆ ಕೂತ್ಕೊಳ್ಳಿ" ಎನ್ನುತ್ತಿದ್ದರು. ಎಲ್ಲ ಮುಗಿದು ನಾನು ಹೊರಬಂದ ಕೂಡಲೇ ಅವರ ಪ್ರಶ್ನೆ ಒಂದೇ.

"ಹೇಗೆ ಬಿತ್ತು?"

ಕ್ಯಾಮೆರಾದ ಪರದೆ ಅವರ ಕಡೆ ತಿರುಗಿಸಿದರೆ ಮುಖ ತಿರುಗಿಸಿಬಿಡುತ್ತಿದ್ದರು. "ಅದು ಅವರ ಮನೆಯ ಹೆಣ್ಮಕ್ಕಳು. ನಾನು ನೋಡುದಲ್ಲ. ನೀನು ಹೇಳು." ಬೆಳಕು ಇಟ್ಟವರು ಅದು ಬಿದ್ದದ್ದನ್ನು ಎಂದೂ ನೋಡುವಂತಿರಲಿಲ್ಲ. ನಾನು ಹೇಳಬೇಕು. ಚಂದ ಬಿತ್ತು ಎಂದರೆ ಸಾಕಾಗುತ್ತಿರಲಿಲ್ಲ. "ಚಂದ ಎಲ್ಲರೂ ಹೇಳ್ತಾರೆ. ಕಿವಿಯ ಆಭರಣದ ನೆರಳು ಕೆನ್ನೆಗೆ ಬಿತ್ತಾ? ತಾಯಿ ಬಂದು ಅಪ್ಪಿಕೊಂಡಾಗ ಮುಖ ಕತ್ತಲಾಯ್ತಾ?" ಎಂದು ಕೇಳುತ್ತಿದ್ದರು. ಅವರಿಗೆ ಒಪ್ಪಿಸಲಿಕ್ಕಾಗಿ ನಾನು ಪ್ರತಿ ಮದುವೆಯ ಬೆಳಕನ್ನು ಡೈರಿಯಲ್ಲಿ ಬರೆಯತೊಡಗಿದೆ. ಅದಕ್ಕಿಂತ ಮೊದಲು ನನ್ನ ಡೈರಿಯಲ್ಲಿ ದಿನಾಂಕ, ಸಮಯ, ಬ್ಯಾಟರಿಯ ಲೆಕ್ಕ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹೆಂಗಸರ ಕಡೆಯ ಚಿತ್ರವನ್ನೆಲ್ಲ ಪೆನ್ ಡ್ರೈವಿಗೆ ಹಾಕಿ ಆಯಾ ಮನೆಗೆ ಒಪ್ಪಿಸಿ, ನನ್ನ ಕಂಪ್ಯೂಟರಿನಿಂದ ಅಳಿಸಬೇಕು ಎಂಬುದು ಅವರ ಇನ್ನೊಂದು ಶರತ್ತು. ಅಳಿಸುವಾಗ ಬಾಗಿಲ ಹೊರಗೆ ನಿಂತು "ಆಯ್ತಾ?" ಎಂದು ಕೇಳುತ್ತಿದ್ದರು.

ಎರಡು ವರ್ಷದ ಹಿಂದೆ ಅವರ ಮಗಳ ಮದುವೆ. ಮಗಳ ಮದುವೆಯಲ್ಲಾದರೂ ತಂದೆಯ ಮುಖ ಇರಲೇಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಅದು ತಪ್ಪಿಹೋದ ಕಥೆ ಹೀಗೆ.

ಮದುವೆಗೆ ಒಂದು ವಾರ ಇರುವಾಗ ಮಾಮಿ, ಮಗಳು ಇಬ್ಬರೂ ಸೇರಿ ಅವರಿಂದ ಮಾತು ತೆಗೆದುಕೊಂಡರು.

"ಆ ದಿನ ನೀವು ಮದುಮಗಳ ಉಪ್ಪ. ಒಂದು ಸ್ಟ್ಯಾಂಡ್, ಒಂದು ವಯರ್ ಮುಟ್ಟುವಂತಿಲ್ಲ" ಎಂದರು ಮಾಮಿ.

"ಆಯ್ತು. ಹೊಸ ಅಂಗಿ ಹಾಕಿದ ಮೇಲೆ ಮುಟ್ಟುದಿಲ್ಲ" ಎಂದು ಒಪ್ಪಿಕೊಂಡರು.

ಹೊಸ ಅಂಗಿ ಹಾಕುವ ಮೊದಲು, ಬೆಳಿಗ್ಗೆ ಬೇಗ ಸಭಾಭವನಕ್ಕೆ ಹಳೆಯ ಅಂಗಿಯಲ್ಲಿ ಬಂದು ಹೆಂಗಸರ ಕಡೆ ಹಳಿ ಹಾಕಿ, ಎಲ್ಲ ಲೈಟು ಇಟ್ಟರು. ಆ ದಿನ ಟವೆಲ್ ಹೊದ್ದು ತಾವು ಕೂರಲಿಲ್ಲ. ಮಗಳೇ ಜೊತೆಗೆ ಬಂದಿದ್ದಳು, ಒದ್ದೆ ಕೂದಲಲ್ಲಿ. "ಇವತ್ತು ಅಸಲಿ ಉಂಟಲ್ಲ, ಮಾದರಿ ಎಂತಕ್ಕೆ" ಎಂದು ಅವಳನ್ನೇ ಕೂರಿಸಿ ಬೆಳಕು ನೋಡಿದರು. ಮತ್ತೆ ಮನೆಗೆ ಹೋಗಿ ಹೊಸ ಅಂಗಿ ಹಾಕಿಕೊಂಡು ಬಂದರು.

ಗಂಡಸರ ಕಡೆ ಚಿತ್ರ ತೆಗೆಯುವವರು ವರನ ಕಡೆಯಿಂದ ಬಂದಿದ್ದರು, ದೂರದ ಊರಿನ ಹುಡುಗರು. ಅವರಿಗೆ ಕಾಕ ಯಾರೆಂದು ಗೊತ್ತಿಲ್ಲ. ನಿಕಾಹ್ ನಡೆಯುವ ವೇದಿಕೆಯಲ್ಲಿ ಅವರು ಇಟ್ಟಿದ್ದ ದೊಡ್ಡ ಲೈಟು ಮದುಮಗಳ ತಂದೆ ಕೂರುವ ಜಾಗದ ಹಿಂದೆ ಇತ್ತು. ಕಾಕ ಹೋಗಿ ಮೆಲ್ಲಗೆ ಹೇಳಿದರು.

"ಮಗಾ, ಈ ಲೈಟ್ ಆ ಕಡೆ ಹೋಗ್ಬೇಕು."

"ಕಾಕಾ, ನೀವು ಹುಡುಗಿಯ ತಂದೆಯಲ್ವಾ? ನೀವು ಆರಾಮ ಕೂ‌ತ್ಕೊಳ್ಳಿ. ಲೈಟ್ ನಾವು ನೋಡ್ಕೊಳ್ತೇವೆ" ಎಂದ ಹುಡುಗ.

ಸ್ಟ್ಯಾಂಡ್ ಅವರ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಮುಟ್ಟಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಅಳಿಯನ ಕೈ ಹಿಡಿದು ನಿಕಾಹ್ ಮಾಡಿಕೊಟ್ಟರು. ಆ ವಿಡಿಯೋ ಇದೆ. ಅಳಿಯನ ಮುಖ ನಡುಮಧ್ಯಾಹ್ನ, ಮಾವನ ಮುಖ ಅಮಾವಾಸ್ಯೆ. ಗಡ್ಡದ ಅಂಚು ಮಾತ್ರ ಬೆಳ್ಳಗೆ ಕಾಣುತ್ತದೆ. ಮನೆಯವರ ಗುಂಪು ಚಿತ್ರ ತೆಗೆಯುವಾಗ ಅಲ್ಲಿಯೂ ಬೆಳಕು ಸೊಟ್ಟ. ಮುಟ್ಟುವಂತಿಲ್ಲದ ಕಾರಣ ಹುಡುಗನಿಗೆ ಬಾಯಿಯಲ್ಲಿ ಹೇಳಿಕೊಡಲು ಸಾಲು ಬಿಟ್ಟು ಕ್ಯಾಮೆರಾದ ಹಿಂದೆ ಹೋದರು. ಅಷ್ಟರಲ್ಲಿ ತೆಗೆದಾಗಿತ್ತು. ಮಾತು ತೆಗೆದುಕೊಂಡ ಮಾಮಿಯಾದರೋ ರೇಷ್ಮೆ ಸೀರೆ ಸೊಂಟಕ್ಕೆ ಸಿಕ್ಕಿಸಿ ಒಳಗೆ ಟ್ರಾಲಿ ತಳ್ಳುತ್ತಿದ್ದರು. "ನಾನು ಯಾರಿಗೂ ಮಾತು ಕೊಡ್ಲಿಲ್ಲ" ಎಂದು ನಮ್ಮ ಬಾಯಿ ಮುಚ್ಚಿಸಿದರು.

ನಿಕಾಹ್ ಆದ ಮೇಲೆ ಮಗಳನ್ನು ನೋಡಲು ಕಾಕ ಒಳಗೆ ಬಂದರು. ತಂದೆ ಬರುತ್ತಾರೆಂದು ಹೆಂಗಸರು ದಾರಿ ಬಿಟ್ಟು ಬದಿಗೆ ಸರಿದರು. ನಾನು ಟ್ರಾಲಿಯ ಮೇಲಿದ್ದೆ, ಕ್ಯಾಮೆರಾ ಓಡುತ್ತಿತ್ತು. ತಾವು ಇಟ್ಟ ಬೆಳಕಿನಲ್ಲಿ ಮದುಮಗಳೊಬ್ಬಳು ಕುಳಿತದ್ದನ್ನು ಅವರು ಕಣ್ಣಾರೆ ನೋಡಿದ್ದು ಅಂದೇ ಮೊದಲು. ಟ್ರಾಲಿ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ, ನನ್ನ ಚೌಕಟ್ಟು ಎಲ್ಲಿ ಮುಗಿಯುತ್ತದೆ ಎಂದು ಹಳಿ ಹಾಕಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಸರಿಯಾಗಿ ಚೌಕಟ್ಟಿನಿಂದ ಅರ್ಧ ಹೆಜ್ಜೆ ಹೊರಗೆ ನಿಂತರು. ಚಿತ್ರದಲ್ಲಿ ಮಗಳು ತಲೆಯೆತ್ತಿ ಎಡಗಡೆ ನೋಡುತ್ತಾಳೆ, ನಗುತ್ತಾಳೆ, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾಳೆ. ಎಡಗಡೆ ಯಾರಿದ್ದಾರೆಂದು ಗೊತ್ತಿಲ್ಲದವರಿಗೆ ಅವಳು ಸುಮ್ಮನೆ ಗೋಡೆ ನೋಡಿ ಅತ್ತ ಹಾಗೆ ಕಾಣಬಹುದು. ಆ ಒಂದು ದಿನ ಹೊರಗೆ ಬಂದ ಮೇಲೆ ಅವರು ಹೇಗೆ ಬಿತ್ತು ಎಂದು ಕೇಳಲಿಲ್ಲ.

ಎರಡು ತಿಂಗಳ ಹಿಂದೆ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರು. ನಾನು ನೋಡಲು ಹೋದಾಗ ಮೇಲಿನ ಟ್ಯೂಬ್‌ಲೈಟನ್ನು ಬೈಯುತ್ತಿದ್ದರು. "ಈ ಬೆಳಕಲ್ಲಿ ಗಟ್ಟಿಮುಟ್ಟು ಇದ್ದವನೂ ರೋಗಿ ಹಾಗೆ ಕಾಣ್ತಾನೆ. ಡಾಕ್ಟರರು ಬಂದು ನೋಡಿ ಹೆದರಿ ಇನ್ನೆರಡು ದಿನ ಇರಿ ಹೇಳ್ತಾರೆ." ನಾನು ಅವರ ಮಂಚವನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿದೆ. ಒಂದು ಕಣ್ಣು ಮುಚ್ಚಿ ತಮ್ಮ ಕೈಯ ನೆರಳು ನೋಡಿಕೊಂಡು, "ಈಗ ಅಡ್ಡಿಯಿಲ್ಲ" ಎಂದರು. ಅವರು ನನ್ನನ್ನು ಹೊಗಳಿದ್ದು ಒಟ್ಟು ಎರಡು ಸಲ, ಇದು ಎರಡನೆಯದು. ಮೊದಲನೆಯದು ನಾನು ಹಾಕಿರದ ಹಳಿಗೆ. ಮೂರನೆಯ ದಿನ ಮಾಮಿ ಫೋನ್ ಮಾಡಿ ಸುದ್ದಿ ಹೇಳಿದರು.

ಗೋದಾಮು ಈಗ ಬಾಗಿಲು ಹಾಕಿದೆ. ಟ್ರಾಲಿ ನನ್ನ ಕೋಣೆಯಲ್ಲಿದೆ. ಅದನ್ನು ಯಾರಿಗೂ ಒಬ್ಬಂಟಿಯಾಗಿ ಕಳಿಸಬಾರದೆಂದು ಮಾಮಿ ಹೇಳಿದ್ದಾರೆ, ಅಂದರೆ ತಾವೂ ಬರುತ್ತಾರೆ.

ಮಗಳು ಬಂದು ಕೇಳಿದ ಮೇಲೆ ನಾವು ಮೂವರೂ ಕುಳಿತು ಎಲ್ಲಿ ಸಿಗಬಹುದು ಎಂದು ಯೋಚಿಸಿದೆವು. ಮಾಮಿಗೆ ಮೊದಲು ಹೊಳೆಯಿತು. "ಕುರ್ಚಿಯಲ್ಲಿ ಕೂತಾಗ ನೀನು ಒತ್ತುತ್ತಿದ್ದೆಯಲ್ಲ?" ಎಂದರು. ಹೌದು, ಒತ್ತುತ್ತಿದ್ದೆ. ಬೆಳಕು ಪರೀಕ್ಷಿಸಲು ಪ್ರತಿ ಮದುವೆಯಲ್ಲೂ ಹತ್ತು ಸೆಕೆಂಡಿನಷ್ಟು ರೆಕಾರ್ಡ್ ಮಾಡುವುದು ನನ್ನ ಕ್ರಮ. ಹಾಗಾದರೆ ಆ ಹತ್ತು ಸೆಕೆಂಡುಗಳು ಪೆನ್ ಡ್ರೈವಿನಲ್ಲಿ ಪ್ರತಿ ಮನೆಗೂ ಹೋಗಿವೆ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ.

ನನ್ನ ಹತ್ತಿರ ನಂಬರ್ ಇದ್ದ ಮನೆಗಳಿಗೆಲ್ಲ ಫೋನ್ ಮಾಡಿದೆವು. ಒಂದು ಮನೆಯ ಪೆನ್ ಡ್ರೈವ್ ಮದುಮಗಳ ಜೊತೆ ದುಬೈಗೆ ಹೋಗಿದೆ. ಒಂದರಲ್ಲಿ ಮದುವೆ ಅಳಿಸಿ ಕಾರಿಗೆ ಹಾಡು ತುಂಬಿಸಿದ್ದಾರೆ. ಒಂದನ್ನು ಮಗು ನುಂಗಿ ಡಾಕ್ಟರರು ತೆಗೆದಿದ್ದಾರೆ, ಅದು ಓಡುವುದಿಲ್ಲ. ನರಿಮೊಗರಿನ ಒಂದು ಮನೆಯವರು ಆಲ್ಬಮ್ ಮಾಡುವಾಗ "ಯಾರೋ ಮುದುಕ ಕುರ್ಚಿಯಲ್ಲಿ ಕೂತದ್ದು ಬಂದಿತ್ತು, ತೆಗೆದೆವು" ಎಂದರು. ಮಗಳು ಫೋನ್ ಕೆಳಗಿಟ್ಟು ಮಗುವನ್ನು ಎತ್ತಿಕೊಂಡಳು. ಮತ್ತೆ ಮಾಮಿಯೇ "ಮುದುಕ ಅಂದ್ರಾ? ಅವರು ಕೇಳ್ಬೇಕಿತ್ತು" ಎಂದು ನಗಿಸಿದರು. "ನನಗೆ ಯಾವ ವಿಡಿಯೋವೂ ಬೇಡ, ನನಗೆ ನೆನಪುಂಟು. ಇದು ಮಗುವಿಗೆ" ಎಂದೂ ಹೇಳಿದರು.

ನಂಬರ್ ಬದಲಾದ ಮನೆಗಳು, ನಾನು ಬರುವುದಕ್ಕಿಂತ ಮೊದಲು ಬೇರೆಯವರು ಚಿತ್ರ ತೆಗೆದ ಮನೆಗಳು ಇನ್ನೂ ಇವೆ. ಅವರನ್ನು ತಲುಪಲು ನನಗೆ ಬೇರೆ ದಾರಿ ತಿಳಿಯಲಿಲ್ಲ.

ಪುತ್ತೂರು, ಸುಳ್ಯ, ಕಡಬ ಕಡೆ ಮದುವೆಯಾದವರೇ, ನಿಮ್ಮ ಮದುವೆಯ ವಿಡಿಯೋವನ್ನು ಎಡಿಟ್ ಮಾಡಿದ ಪ್ರತಿಯಲ್ಲಿ ನೋಡಬೇಡಿ, ಮೂಲದಲ್ಲಿ ನೋಡಿ. ನೀವು ಬಂದು ಕೂರುವುದಕ್ಕಿಂತ ಮೊದಲಿನ ಭಾಗ ನೋಡಿ. ನಿಮ್ಮ ಭಾಗ ನಮಗೆ ಬೇಡ, ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. ಬಿಳಿ ಗಡ್ಡದ ಗಿಡ್ಡ ಮನುಷ್ಯರೊಬ್ಬರು ನಿಮ್ಮ ಕುರ್ಚಿಯಲ್ಲಿ ಕುಳಿತದ್ದು, ಎದ್ದದ್ದು, ಯಾರನ್ನೋ ಬೈದದ್ದು ಎರಡು ಸೆಕೆಂಡು ಸಿಕ್ಕಿದರೂ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಅವರ ವಿಷಯ ನನಗಿಂತ ಹೆಚ್ಚು ಗೊತ್ತಿರುವವರೂ ಬರೆಯಿರಿ, ಮೀನಿನ ಲಾರಿಯ ಚಾಲಕರು ಇದನ್ನು ಓದುತ್ತಿದ್ದರೆ ಅವರೂ. ಮುಖ ಸರಿಯಾಗಿ ಕಾಣುವುದಿಲ್ಲ, ಕತ್ತಲೆ ಎಂದು ಅಳಿಸಬೇಡಿ. ಹಾಗೆಯೇ ಕಳುಹಿಸಿ. ಬೆಳಕು ನಾನು ನೋಡಿಕೊಳ್ಳುತ್ತೇನೆ.